ಲೋಕದ ಅಂತ್ಯ ಯಾವಾಗ, ಯಾವ ದಾರಿಯಲ್ಲಿ? ಮೂರು ಲೆಕ್ಕಗಳು ತಾಳೆಯಾಗುತ್ತಿಲ್ಲ

ಅಂಕೋಲೆಯ ಜಿಜ್ಞಾಸು (ಪ್ರಶ್ನೆ)

ಮಾನ್ಯರೇ,

2029ರ ಏಪ್ರಿಲ್‌ನಲ್ಲಿ ಅಪೋಫಿಸ್ ಎಂಬ ಕ್ಷುದ್ರಗ್ರಹ ಭೂಮಿಗೆ ಬಡಿದು ಲೋಕ ಮುಗಿಯುತ್ತದೆ ಎಂದು ಹೇಳುವ ವಿಡಿಯೊ ಒಂದು ನಮ್ಮ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಸುತ್ತುತ್ತಿದೆ. ಅದನ್ನು ನೋಡಿದ ಮನೆಯ ಹಿರಿಯರು, ಕಲಿಯುಗ ಮುಗಿಯಲು ಇನ್ನೂ ನಾಲ್ಕು ಲಕ್ಷಕ್ಕೂ ಮಿಕ್ಕಿ ವರ್ಷಗಳಿವೆಯೆಂದು ನಕ್ಕುಬಿಟ್ಟರು. ಪಿಯುಸಿಯಲ್ಲಿ ವಿಜ್ಞಾನ ಓದುತ್ತಿರುವ ಮಗಳು, ಸೂರ್ಯ ಉಬ್ಬಿ ಭೂಮಿಯನ್ನು ನುಂಗಲು 500 ಕೋಟಿ ವರ್ಷ ಬೇಕೆಂದು ಇಬ್ಬರನ್ನೂ ತಿದ್ದಲು ಹೋದಳು.

ಈ ಮೂರು ಸಂಖ್ಯೆಗಳು ಒಂದೇ ಸಂಗತಿಯ ಕುರಿತಾಗಿರಲು ಸಾಧ್ಯವಿಲ್ಲ ಎನ್ನುವಷ್ಟು ನನಗೂ ಹೊಳೆಯುತ್ತದೆ. ಹಾಗಾದರೆ ಯಾವುದು ಯಾವುದರ ಅಂತ್ಯ, ಮತ್ತು ಅದು ಯಾವ ರೀತಿಯಲ್ಲಿ ಬರಬಹುದು? ಹೆದರಿಸುವ ಉತ್ತರವೂ ಬೇಡ, ಗೇಲಿಯೂ ಬೇಡ. ಊಹೆಯೇ ಆದರೂ ಕಾರಣ ಕೊಟ್ಟು ಹೇಳಬಲ್ಲವರು ದಯವಿಟ್ಟು ಬರೆಯಿರಿ.

ಕೂರ್ಮಗಡ (ಕಾರವಾರ)

ವಿಡಿಯೊದ ಮಾತನ್ನು ಮೊದಲು ಮುಗಿಸಿಬಿಡೋಣ. ಅಪೋಫಿಸ್ 2004ರಲ್ಲಿ ಪತ್ತೆಯಾದಾಗ ಕೆಲವು ದಿನಗಳ ಮಟ್ಟಿಗೆ ಅದು 2029ರಲ್ಲಿ ಬಡಿಯುವ ಸಂಭವ ಶೇ. 2.7ರವರೆಗೆ ಏರಿದ್ದು ನಿಜ. ಅನಂತರದ ವೀಕ್ಷಣೆಗಳಿಂದ ಆ ಸಂಭವ ಇಲ್ಲವಾಯಿತು. 2021ರ ರಾಡಾರ್ ಮಾಪನದ ಬಳಿಕ ಕನಿಷ್ಠ ಮುಂದಿನ ನೂರು ವರ್ಷ ಅದರಿಂದ ಅಪಾಯವಿಲ್ಲ ಎಂದು ಖಗೋಳಜ್ಞರು ಘೋಷಿಸಿದರು. ಭಾರತೀಯ ಕಾಲಮಾನದಲ್ಲಿ 2029ರ ಏಪ್ರಿಲ್ 14ರ ನಸುಕಿನ ಮೂರೂಕಾಲರ ಸುಮಾರಿಗೆ ಅದು ನೆಲದಿಂದ ಸುಮಾರು 32,000 ಕಿ.ಮೀ. ದೂರದಲ್ಲಿ ಹಾದುಹೋಗುತ್ತದೆ. ನಮ್ಮ ಟಿವಿ ಉಪಗ್ರಹಗಳು ಅದಕ್ಕಿಂತ ಮೇಲೆ, ಸುಮಾರು 35,800 ಕಿ.ಮೀ. ಎತ್ತರದಲ್ಲಿವೆ ಎಂದರೆ ಅದು ಎಷ್ಟು ಹತ್ತಿರವೆಂದು ತಿಳಿಯುತ್ತದೆ. ಆದರೆ ಹತ್ತಿರ ಹಾಯುವುದು ಬೇರೆ, ಬಡಿಯುವುದು ಬೇರೆ. ಸುಮಾರು 340 ಮೀಟರ್ ಗಾತ್ರದ ಆ ಬಂಡೆ ಒಂದು ವೇಳೆ ಬಡಿದರೂ ಒಂದು ಪ್ರಾಂತವನ್ನು ಹಾಳುಗೆಡವೀತೇ ಹೊರತು ಲೋಕವನ್ನಲ್ಲ.

ದಿನಾಂಕ ಹಾಕಿಕೊಂಡು ಬರುವ ಪ್ರಳಯಗಳ ಇತಿಹಾಸವೂ ಗಮನಾರ್ಹವಾದುದು. 1962ರ ಫೆಬ್ರವರಿಯಲ್ಲಿ ಮಕರ ರಾಶಿಯಲ್ಲಿ ಅಷ್ಟಗ್ರಹ ಕೂಟವಾದಾಗ ದೇಶದ ತುಂಬ ಹೋಮ, ಜಪಗಳು ನಡೆದವು. 1979ರ ಜುಲೈ 11ರಂದು ಅಮೆರಿಕದ ಬಾಹ್ಯಾಕಾಶ ನಿಲ್ದಾಣ ಸ್ಕೈಲ್ಯಾಬ್ ಬೀಳುವುದೆಂದಾಗ ಹಬ್ಬಿದ ಭೀತಿ ಹಿರಿಯರಿಗೆ ಇನ್ನೂ ನೆನಪಿರಬಹುದು; ಅದರ ಚೂರುಗಳು ಕೊನೆಗೆ ಬಿದ್ದದ್ದು ಹಿಂದೂ ಮಹಾಸಾಗರದಲ್ಲಿ ಮತ್ತು ಪಶ್ಚಿಮ ಆಸ್ಟ್ರೇಲಿಯಾದಲ್ಲಿ. 2012ರ ಡಿಸೆಂಬರ್ 21ರ ಗದ್ದಲವಂತೂ ಟಿವಿ ವಾಹಿನಿಗಳಿಗೆ ತಿಂಗಳುಗಟ್ಟಲೆ ಕೆಲಸ ಕೊಟ್ಟಿತು.

ಇನ್ನೊಂದು ಸಂಗತಿಯನ್ನೂ ಸೇರಿಸಬೇಕು. ಅಂತ್ಯದ ದಾರಿಗಳಲ್ಲಿ ಮನುಷ್ಯನು ತಡೆಯಲು ಕಲಿಯುತ್ತಿರುವುದು ಬಹುಶಃ ಕ್ಷುದ್ರಗ್ರಹದ ಡಿಕ್ಕಿಯೊಂದನ್ನೇ. 2022ರ ಸೆಪ್ಟೆಂಬರ್ 26ರಂದು ನಾಸಾದ ಡಾರ್ಟ್ ನೌಕೆ ಡೈಮಾರ್ಫಸ್ ಎಂಬ ಪುಟ್ಟ ಕ್ಷುದ್ರಗ್ರಹಕ್ಕೆ ಬೇಕೆಂದೇ ಡಿಕ್ಕಿ ಹೊಡೆದು, ಅದು ತನ್ನ ಜೊತೆಗಾರನನ್ನು ಸುತ್ತುವ ಅವಧಿಯನ್ನು ಅರ್ಧ ಗಂಟೆಗಿಂತ ಹೆಚ್ಚಾಗಿ ತಗ್ಗಿಸಿತು.

ಕೋಟಿತೀರ್ಥ (ಗೋಕರ್ಣ)

ನಿಮ್ಮ ಮನೆಯ ಹಿರಿಯರ ಲೆಕ್ಕ ಸರಿಯಾಗಿಯೇ ಇದೆ. ಆದರೆ ಅದು ಲೋಕದ ಅಂತ್ಯದ ಲೆಕ್ಕವಲ್ಲ. ಕಲಿಯುಗದ ಪ್ರಮಾಣ 4,32,000 ವರ್ಷ. ಅದು ಕ್ರಿ.ಪೂ. 3102ರಲ್ಲಿ ಆರಂಭವಾಯಿತೆಂದು ನಮ್ಮ ಜ್ಯೋತಿಷ ಸಿದ್ಧಾಂತಗಳು ಹೇಳುವುದರಿಂದ 2025ರ ಯುಗಾದಿಗೆ 5,126 ವರ್ಷಗಳು ಕಳೆದು 4,26,874 ವರ್ಷಗಳು ಉಳಿದವು. ಕಲಿ ಮುಗಿದ ಮೇಲೆ ಬರುವುದು ಮತ್ತೆ ಕೃತಯುಗ. ಅಂದರೆ ಅಲ್ಲಿ ಧರ್ಮದ ಸ್ಥಿತಿ ಬದಲಾಗುತ್ತದೆಯೇ ಹೊರತು ಭೂಮಿ ಇಲ್ಲವಾಗುವುದಿಲ್ಲ.

ಭೂಮಿಯ ಮಟ್ಟದ ಲಯವನ್ನು ಪುರಾಣಗಳು ನೈಮಿತ್ತಿಕ ಪ್ರಳಯವೆಂದು ಕರೆಯುತ್ತವೆ. ಅದು ಸಂಭವಿಸುವುದು ಬ್ರಹ್ಮನ ಒಂದು ಹಗಲಿನ ಕೊನೆಗೆ. ನಾಲ್ಕು ಯುಗಗಳು ಸೇರಿ 43,20,000 ವರ್ಷ, ಅಂಥವು ಸಾವಿರ ಕಳೆದರೆ ಒಂದು ಕಲ್ಪ, ಅಂದರೆ 432 ಕೋಟಿ ವರ್ಷ. ಇಲ್ಲಿಯ ತೀರ್ಥದ ದಡದಲ್ಲಿ ದಿನವೂ ಹೇಳುವ ಸಂಕಲ್ಪದಲ್ಲಿ ಶ್ವೇತವರಾಹ ಕಲ್ಪ, ವೈವಸ್ವತ ಮನ್ವಂತರ, ಇಪ್ಪತ್ತೆಂಟನೆಯ ಕಲಿಯುಗ, ಅದರ ಪ್ರಥಮ ಪಾದ ಎಂದು ಬರುತ್ತದೆಯಲ್ಲ, ಅದು ಈ ಗಡಿಯಾರದಲ್ಲಿ ನಾವು ನಿಂತ ಜಾಗವನ್ನು ಹೇಳುತ್ತದೆ. ಆ ಪ್ರಕಾರ ಸುಮಾರು 197 ಕೋಟಿ ವರ್ಷಗಳು ಕಳೆದಿವೆ, ಸುಮಾರು 235 ಕೋಟಿ ಉಳಿದಿವೆ. ಈ ಸಂಖ್ಯೆಗಳನ್ನು ವಿಜ್ಞಾನದ ಸಂಖ್ಯೆಗಳಿಗೆ ಹೊಂದಿಸಿ ತೋರಿಸುವ ಚಪಲ ನನಗಿಲ್ಲ. ಆ ಕೆಲಸವನ್ನು ವಾಟ್ಸಾಪ್ ಚೆನ್ನಾಗಿಯೇ ಮಾಡುತ್ತಿದೆ.

ನೀವು ರೀತಿಯನ್ನೂ ಕೇಳಿದ್ದೀರಿ. ವಿಷ್ಣುಪುರಾಣದಲ್ಲಿ ಬರುವ ಕ್ರಮ ಕುತೂಹಲಕರವಾಗಿದೆ. ಮೊದಲು ಬೆಂಕಿಯೂ ಅಲ್ಲ, ನೀರೂ ಅಲ್ಲ. ಭೂಮಿಯ ಸಾರ ಕ್ಷೀಣಿಸಿ, ನೂರು ವರ್ಷಗಳ ಅನಾವೃಷ್ಟಿ ಬಂದು, ಜೀವಿಗಳು ಅದರಲ್ಲಿಯೇ ನಾಶವಾಗುತ್ತವೆ. ಏಳು ಸೂರ್ಯರು ಸುಡುವುದು ಆಮೇಲೆ; ಸಂವರ್ತಕವೆಂಬ ಪ್ರಳಯಕಾಲದ ಮೇಘಗಳು ಸುರಿದು ಎಲ್ಲವೂ ಏಕಾರ್ಣವ, ಅಂದರೆ ಒಂದೇ ಕಡಲು, ಆಗುವುದು ಅದಕ್ಕೂ ಆಮೇಲೆ. ಕ್ಯಾಲೆಂಡರಿನ ಚಿತ್ರಗಳಲ್ಲಿ ನೀರನ್ನು ಮಾತ್ರ ನೋಡಿದವರು ಈ ಬರಗಾಲವನ್ನು ಮರೆತಿರುತ್ತಾರೆ.

ಬೆಟ್ಟ-ತೋಟ (ಸಿರ್ಸಿ)

ಕೋಟಿತೀರ್ಥದವರು ಬರಗಾಲವನ್ನು ಎತ್ತಿದ್ದು ಒಳ್ಳೆಯದಾಯಿತು, ಏಕೆಂದರೆ ನಾನು ಹೇಳಬೇಕೆಂದಿದ್ದುದೂ ಅದೇ ದಿಕ್ಕಿನ ಮಾತು. ಈಗ ತೋಟ ನೋಡಿಕೊಂಡಿರುವ ನಾನು ಮೊದಲು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದೆನಾದ್ದರಿಂದ ಎಲೆಯ ಕಡೆಯಿಂದಲೇ ಉತ್ತರಿಸುತ್ತೇನೆ. ಲೋಕದ ಅಂತ್ಯವೆಂದರೆ ಎಲ್ಲರ ಕಣ್ಣಿಗೂ ಬೆಂಕಿಯೇ ಕಾಣುತ್ತದೆ. ಆದರೆ ನಮಗೆ ಗೊತ್ತಿರುವ ದೊಡ್ಡ ವಿನಾಶಗಳಲ್ಲಿಯೂ, ಮುಂದೆ ಬರಬಹುದಾದವುಗಳಲ್ಲಿಯೂ ಬೆಂಕಿಗಿಂತ ಹೆಚ್ಚು ಜೀವಗಳನ್ನು ತೆಗೆಯುವುದು ಎಲೆಯ ಕೆಲಸ ನಿಂತುಹೋಗುವುದರಿಂದ ಹುಟ್ಟುವ ಹಸಿವು.

6.6 ಕೋಟಿ ವರ್ಷಗಳ ಹಿಂದೆ ಮೆಕ್ಸಿಕೋದ ಯುಕಾಟಾನ್ ಬಳಿ ಸುಮಾರು 10 ಕಿ.ಮೀ. ಗಾತ್ರದ ಕ್ಷುದ್ರಗ್ರಹ ಬಿದ್ದು 180 ಕಿ.ಮೀ. ಅಗಲದ ಕುಳಿಯಾಯಿತು. ಹತ್ತಿರವಿದ್ದ ಜೀವಿಗಳು ಸುಟ್ಟು ಸತ್ತವು, ನಿಜ. ಆದರೆ ಭೂಮಿಯ ಇನ್ನೊಂದು ಬದಿಯ ಡೈನೋಸಾರ್‌ಗಳನ್ನು ಕೊಂದದ್ದು ಆಕಾಶದಲ್ಲಿ ತುಂಬಿಕೊಂಡ ಮಸಿ, ದೂಳು ಮತ್ತು ಗಂಧಕದ ಮಂಜು. ತಿಂಗಳುಗಟ್ಟಲೆ ಬೆಳಕಿಲ್ಲದೆ ಸೊಪ್ಪು ಹೋಯಿತು, ಸೊಪ್ಪು ತಿನ್ನುವ ದೊಡ್ಡ ಪ್ರಾಣಿಗಳು ಹೋದವು, ಅವುಗಳನ್ನು ತಿನ್ನುವವು ಅವುಗಳ ಹಿಂದೆಯೇ ಹೋದವು. ಬಿದ್ದ ಬೀಜ, ಕೊಳೆತ ದರಕು (ಉದುರಿದ ಎಲೆ), ಅದರೊಳಗಿನ ಹುಳುಗಳನ್ನು ತಿಂದು ಬದುಕಬಲ್ಲ ಸಣ್ಣ ಪ್ರಾಣಿಗಳು ಉಳಿದುಕೊಂಡವು. ಬೆಳಗಾವಿಯಿಂದ ಉತ್ತರಕ್ಕೆ ಹೋದರೆ ಸಿಗುವ ಕರಿಕಲ್ಲಿನ ಲಾವಾ ಕೂಡ ಹೆಚ್ಚುಕಡಿಮೆ ಅದೇ ಕಾಲದಲ್ಲಿ ಉಕ್ಕಿದ್ದು. ಯಾರ ಪಾಲು ಎಷ್ಟು ಎಂಬ ವಾದ ಭೂವಿಜ್ಞಾನಿಗಳಲ್ಲಿ ಇನ್ನೂ ಮುಗಿದಿಲ್ಲ.

ಈಗ ಸೂರ್ಯನ ವಿಚಾರ. ಅದು ಕೆಂಪು ದೈತ್ಯವಾಗಲು 500 ಕೋಟಿ ವರ್ಷ ಬೇಕೆಂದು ನಿಮ್ಮ ಮಗಳು ಹೇಳಿದ್ದು ಸರಿ. ಆದರೆ ಅದು, ವಾಸವಿದ್ದವರೆಲ್ಲ ಹೋಗಿ ಎಷ್ಟೋ ಕಾಲವಾದ ಮೇಲೆ ಹಳೆಯ ಮನೆಯ ಗೋಡೆ ಬೀಳುವ ದಿನ. ಸೂರ್ಯನ ಪ್ರಭೆ ಪ್ರತಿ 100 ಕೋಟಿ ವರ್ಷಕ್ಕೆ ಸುಮಾರು ಶೇ. 10ರಷ್ಟು ಹೆಚ್ಚುತ್ತಿದೆ. ಇಷ್ಟು ಏರಿಕೆಯೇ ಭೂಮಿಯನ್ನು ಬರಿದು ಮಾಡಲು ಸಾಕು, ಮತ್ತು ಅದರ ದಾರಿ ವಿಚಿತ್ರವಾಗಿದೆ. ಇಂದಿನ ನಮ್ಮ ತೊಂದರೆ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಾದದ್ದು. ದೂರದ ಭವಿಷ್ಯದ ತೊಂದರೆ ಅದು ಸಾಲದೆ ಹೋಗುವುದು.

ಇದರ ಸಾಕ್ಷ್ಯ ನಮ್ಮ ಜಿಲ್ಲೆಯಲ್ಲಿಯೇ ಇದೆ. ಮಳೆಯ ನೀರು ಗಾಳಿಯಿಂದ ಆ ಅನಿಲವನ್ನು ಹೀರಿ ತುಸು ಆಮ್ಲವಾಗಿ ಬಂಡೆಯ ಮೇಲೆ ಬೀಳುತ್ತದೆ, ಬಂಡೆಯ ಖನಿಜಗಳನ್ನು ಕರಗಿಸಿ ಹೊಳೆಯ ಮೂಲಕ ಕಡಲಿಗೆ ಒಯ್ಯುತ್ತದೆ, ಅಲ್ಲಿ ಇಂಗಾಲವು ಕ್ಯಾಲ್ಸಿಯಂ ಜೊತೆ ಸೇರಿ ಸುಣ್ಣಕಲ್ಲಾಗಿ ತಳದಲ್ಲಿ ಕೂರುತ್ತದೆ. ಕರಾವಳಿಯಲ್ಲಿ ಮನೆ ಕಟ್ಟುವ ಚಿರೆಕಲ್ಲು ಇಂಥ ತೊಳೆತದ ಮೊದಲ ತುದಿ: ಮಳೆ ಸಿಲಿಕಾವನ್ನು ಒಯ್ದ ಮೇಲೆ ಉಳಿದ ಕಬ್ಬಿಣ ಮತ್ತು ಅಲ್ಯುಮಿನಿಯಂನ ಕೆಂಪು ಶೇಷ. ಕುಮಟಾ ಸೀಮೆಯ ಯಾಣದ ಕಪ್ಪು ಶಿಖರಗಳು ಕೊನೆಯ ತುದಿಯನ್ನು ತೋರಿಸುತ್ತವೆ. ಭಸ್ಮಾಸುರನ ಬೂದಿಯಿಂದ ಕಪ್ಪಾದವೆಂದು ನಾವು ನಂಬುವ ಆ ಬಂಡೆಗಳು ಸುಣ್ಣಕಲ್ಲು, ಅಂದರೆ ಒಂದು ಕಾಲಕ್ಕೆ ಗಾಳಿಯಲ್ಲಿದ್ದ ಇಂಗಾಲ ಕಲ್ಲಾಗಿ ಕುಳಿತದ್ದು. ಸೂರ್ಯ ಬಿಸಿಯಾದಷ್ಟೂ ಆವಿ ಹೆಚ್ಚು, ಮಳೆ ಹೆಚ್ಚು, ಬಂಡೆಯ ಸವೆತ ಹೆಚ್ಚು. ಹಾಗಾಗಿ ಗಾಳಿಯ ಇಂಗಾಲ ನಿಧಾನವಾಗಿ ನೆಲದ ಪಾಲಾಗುತ್ತದೆ. ಜ್ವಾಲಾಮುಖಿಗಳು ಮರಳಿಸುವ ಇಂಗಾಲ ಆ ನಷ್ಟವನ್ನು ತುಂಬಲು ಸಾಲುವುದಿಲ್ಲ.

ಗಾಳಿಯಲ್ಲಿ ಈಗ ಹತ್ತು ಲಕ್ಷಕ್ಕೆ 420ಕ್ಕೂ ಹೆಚ್ಚು ಭಾಗ ಇಂಗಾಲದ ಡೈಆಕ್ಸೈಡ್ ಇದೆ. ಅದು 150ರ ಆಸುಪಾಸಿಗೆ ಇಳಿದರೆ ಭತ್ತ, ಅಡಿಕೆ, ತೆಂಗು, ಕಾಳುಮೆಣಸು, ಏಲಕ್ಕಿ, ಸೊಪ್ಪಿನ ಬೆಟ್ಟದ ಅಷ್ಟೂ ಮರಗಳು ಬೆಳೆಯಲಾರವು. ಜೋಳ, ರಾಗಿ, ಕಬ್ಬುಗಳ ಎಲೆಯೊಳಗಿನ ವ್ಯವಸ್ಥೆ ಬೇರೆಯಾದ್ದರಿಂದ ಅವು ಅದಕ್ಕಿಂತ ಬಹಳ ಕಡಿಮೆಯಲ್ಲಿಯೂ ಬಾಳಬಲ್ಲವು. ಹಳಿಯಾಳದ ಕಬ್ಬು ಹಸಿರಾಗಿರುವಾಗಲೇ ಸಿರ್ಸಿಯ ತೋಟ ಒಣಗಿರುತ್ತದೆ ಎಂದಾಯಿತು. (ದರ ಕುಸಿತದಿಂದಲೋ ಎಲೆಚುಕ್ಕಿ ರೋಗದಿಂದಲೋ ತೋಟ ಅದಕ್ಕಿಂತ ಮೊದಲೇ ಹೋಗಬಹುದು, ಅದು ಬೇರೆ ಚರ್ಚೆ.) ಅಘನಾಶಿನಿ ಹೊಳೆಯ ಗಜನಿ ಗದ್ದೆಗಳಲ್ಲಿ ಉಪ್ಪುನೀರನ್ನೂ ನೆರೆಯನ್ನೂ ತಾಳಿಕೊಳ್ಳುವ ಕಗ್ಗ ಭತ್ತಕ್ಕೂ ಈ ಕೊರತೆಯನ್ನು ತಾಳುವ ಉಪಾಯವಿಲ್ಲ.

ಇದು ಯಾವಾಗ? ವಿಜ್ಞಾನಿಗಳಾದ ಲವ್‌ಲಾಕ್ ಮತ್ತು ವಿಟ್‌ಫೀಲ್ಡ್ 1982ರಲ್ಲಿ ಸುಮಾರು 10 ಕೋಟಿ ವರ್ಷವೆಂದರು. ಕಾಲ್ಡೇರಾ ಮತ್ತು ಕಾಸ್ಟಿಂಗ್ 1992ರಲ್ಲಿ, ಕಬ್ಬಿನಂಥ ಸಸ್ಯಗಳನ್ನೂ ಲೆಕ್ಕಕ್ಕೆ ತೆಗೆದುಕೊಂಡು, ಸುಮಾರು 90 ಕೋಟಿಗೆ ಏರಿಸಿದರು. 2024ರ ಒಂದು ಲೆಕ್ಕ ಸಸ್ಯಗಳಿಗೆ 160ರಿಂದ 186 ಕೋಟಿ ವರ್ಷಗಳವರೆಗೂ ಕಾಲಾವಕಾಶ ಕೊಡುತ್ತದೆ. ಆಗ ಹಸಿವಿಗಿಂತ ಸೆಕೆಯೇ ಕೊನೆಯ ಕಾರಣವಾಗಬಹುದು ಎನ್ನುತ್ತದೆ. ಮೊದಲ ಲೆಕ್ಕಕ್ಕೂ ಕೊನೆಯದಕ್ಕೂ ಹದಿನಾರು ಪಟ್ಟಿಗಿಂತ ಹೆಚ್ಚು ಅಂತರವಿರುವುದನ್ನು ನೋಡಿದರೆ, ಇದರಲ್ಲಿ ವರ್ಷದ ಸಂಖ್ಯೆಯನ್ನು ಗಟ್ಟಿಯಾಗಿ ಹಿಡಿದುಕೊಳ್ಳಬಾರದೆಂದು ನನಗನಿಸುತ್ತದೆ. ನಾನು ನೆಚ್ಚುವುದು ಕ್ರಮವನ್ನು: ಮರ ಮೊದಲು, ಹುಲ್ಲು ಆಮೇಲೆ, ಭೂಮಿ ಎಲ್ಲಕ್ಕಿಂತ ಕೊನೆಗೆ.

ಕೋಡಿಬಾಗ (ಕಾರವಾರ)

ನಾನು ಇಲ್ಲಿ ಕಡಲಜೀವಶಾಸ್ತ್ರದ ವಿದ್ಯಾರ್ಥಿನಿ. ಬೆಟ್ಟ-ತೋಟದವರ ಮಾತನ್ನು ಒಪ್ಪುತ್ತಲೇ ಕಡಲನ್ನೂ ಸೇರಿಸಬೇಕೆನಿಸಿತು. ಬಂಗಡೆ, ತಾರ್ಲೆ ಮೀನುಗಳೂ ಕೊನೆಗೆ ಬೆಳಕನ್ನೇ ನಂಬಿವೆ, ಏಕೆಂದರೆ ಅವುಗಳ ಆಹಾರದ ಬುಡದಲ್ಲಿರುವುದು ತೇಲುವ ಸೂಕ್ಷ್ಮ ಸಸ್ಯಗಳು. ಆದರೆ 1977ರಲ್ಲಿ ಗ್ಯಾಲಪಗೋಸ್ ದ್ವೀಪಗಳ ಸಮೀಪ ಸಮುದ್ರತಳದ ಬಿಸಿನೀರಿನ ಬಿರುಕುಗಳ ಸುತ್ತ ಬೆಳಕಿಲ್ಲದೆ ಬಾಳುವ ಜೀವಸಮೂಹ ಸಿಕ್ಕಿತು. ಅಲ್ಲಿನ ಹುಳು, ಚಿಪ್ಪುಜೀವಿಗಳಿಗೆ ಕೂಡ ನೀರಿನಲ್ಲಿ ಕರಗಿದ ಆಮ್ಲಜನಕ ಬೇಕು, ಮತ್ತು ಆ ಆಮ್ಲಜನಕ ಮೇಲಿನ ಹಸಿರಿನಿಂದಲೇ ಬಂದದ್ದು. 2021ರಲ್ಲಿ ಓಝಾಕಿ ಮತ್ತು ರೈನ್‌ಹಾರ್ಡ್ ಪ್ರಕಟಿಸಿದ ಲೆಕ್ಕದ ಪ್ರಕಾರ ಭೂಮಿಯಲ್ಲಿ ಈಗಿನಂತೆ ಆಮ್ಲಜನಕ ತುಂಬಿದ ಗಾಳಿ ಇನ್ನು ಸುಮಾರು 108 ಕೋಟಿ ವರ್ಷ ಇರಬಹುದು. ಆಮೇಲೆ ಉಳಿಯುವುದು ಆಮ್ಲಜನಕವೇ ಬೇಡವಾದ ಸೂಕ್ಷ್ಮಾಣುಗಳು ಮಾತ್ರ. ಭೂಮಿಯ ಜೀವಚರಿತ್ರೆ ಅಂಥವುಗಳಿಂದಲೇ ಆರಂಭವಾಗಿತ್ತು.

ಅಂಕೋಲೆಯ ಜಿಜ್ಞಾಸು

ಎಲ್ಲರಿಗೂ ಕೃತಜ್ಞತೆಗಳು. ಮನೆಯಲ್ಲಿ ಗಟ್ಟಿಯಾಗಿ ಓದಿ ಹೇಳಿದೆ. ಮಗಳು ಕೇಳಿದ ಪ್ರಶ್ನೆಯನ್ನೇ ಮುಂದಿಡುತ್ತೇನೆ: ಹತ್ತು ಕೋಟಿ ವರ್ಷಗಳ ಬಳಿಕ ಭತ್ತ ಬೆಳೆಯದಿದ್ದರೆ ಅದು ಭೂಮಿಯ ಚಿಂತೆ, ನಮ್ಮದಲ್ಲ, ಮನುಷ್ಯರಿಗೆ ಮಾತ್ರ ಸಂಬಂಧಿಸಿದ ಅಂತ್ಯ ಎಷ್ಟು ದೂರವಿದೆಯೆಂದು ಯಾರಾದರೂ ಹೇಳಬಲ್ಲರೇ? ಜೊತೆಗೆ, ಕೈಗಾ ನಮಗೆ ಹತ್ತಿರವಿರುವುದರಿಂದ ಅಣುವಿನ ವಿಚಾರವಾಗಿಯೂ ಒಂದು ಮಾತು ಬೇಕು.

ಸದಾಶಿವಗಡ

ತಂಗಿ ಕೇಳಿದ್ದು ಸರಿಯಾದ ಪ್ರಶ್ನೆ. ನೌಕಾಪಡೆಯಿಂದ ನಿವೃತ್ತನಾದವನು ನಾನು. ಸಾರ್ವಜನಿಕವಾಗಿ ಎಲ್ಲರಿಗೂ ತಿಳಿದಿರುವುದನ್ನಷ್ಟೇ ಬರೆಯುತ್ತೇನೆ.

ಕೈಗಾದ ವಿಷಯ ಒಂದೇ ಮಾತಿನಲ್ಲಿ: ಅಲ್ಲಿನ 220 ಮೆಗಾವಾಟ್‌ನ ನಾಲ್ಕು ಘಟಕಗಳು ಸಂವರ್ಧಿಸದ ಸಹಜ ಯುರೇನಿಯಂ ಬಳಸುತ್ತವೆ, ಅವು ಬಾಂಬಿನಂತೆ ಸಿಡಿಯಲಾರವು. ಸ್ಥಾವರದ ಅವಘಡ ಒಂದು ಸೀಮೆಗೆ ವಿಪತ್ತಾಗಬಹುದು, ಲೋಕದ ಅಂತ್ಯವಾಗದು.

ಶಸ್ತ್ರಾಸ್ತ್ರಗಳ ಮಾತೇ ಬೇರೆ. ಲೋಕದಲ್ಲಿ ಇಂದು ಸುಮಾರು 12,000 ಅಣ್ವಸ್ತ್ರಗಳಿವೆ, ಅವುಗಳಲ್ಲಿ ಹೆಚ್ಚುಕಡಿಮೆ ಶೇ. 90 ರಷ್ಯಾ ಮತ್ತು ಅಮೆರಿಕದ ಬಳಿ ಇವೆ. ಇಲ್ಲಿಯೂ ಬೆಟ್ಟ-ತೋಟದವರ ಮಾತು ನಿಲ್ಲುತ್ತದೆ. ಉರಿಯುವ ನಗರಗಳ ಮಸಿ ವಾಯುಸ್ತರ ಮಂಡಲಕ್ಕೆ, ಅಂದರೆ ಮೋಡಗಳಿಗಿಂತ ಮೇಲಕ್ಕೆ ಏರಿ ವರ್ಷಗಟ್ಟಲೆ ನಿಲ್ಲುತ್ತದೆ. ನಮ್ಮ ಆಷಾಢದ ಮಳೆ ಎಷ್ಟೇ ಜೋರಾಗಿ ಸುರಿದರೂ ಆ ಎತ್ತರದ ಮಸಿಯನ್ನು ತೊಳೆಯಲಾರದು. ಬಿಸಿಲು ಮಂಕಾಗಿ, ಚಳಿ ಏರಿ, ಮುಂಗಾರು ಕೆಟ್ಟು, ಗದ್ದೆಗಳು ಬರಿದಾಗುತ್ತವೆ. 1815ರಲ್ಲಿ ಇಂಡೊನೇಷ್ಯಾದ ತಂಬೋರಾ ಜ್ವಾಲಾಮುಖಿ ಸಿಡಿದಾಗ ಮರುವರ್ಷ ಯುರೋಪು ಮತ್ತು ಉತ್ತರ ಅಮೆರಿಕಗಳಲ್ಲಿ ಬೇಸಿಗೆಯೇ ಬರಲಿಲ್ಲವೆಂಬಂತೆ ಬೆಳೆ ಹೋಯಿತು. ಅಣುಯುದ್ಧದ ಪರಿಣಾಮ ಅದಕ್ಕಿಂತ ಎಷ್ಟೋ ದೊಡ್ಡದು. 2022ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಅಂದಾಜಿನಂತೆ ಭಾರತ-ಪಾಕಿಸ್ತಾನಗಳ ನಡುವಿನ ಅಣುಯುದ್ಧದಿಂದಲೇ 200 ಕೋಟಿಗೂ ಹೆಚ್ಚು ಜನ, ಅಮೆರಿಕ-ರಷ್ಯಾಗಳ ನಡುವಿನ ಯುದ್ಧದಿಂದ 500 ಕೋಟಿಗೂ ಹೆಚ್ಚು ಜನ ಸಾಯಬಹುದು. ಅವರಲ್ಲಿ ಬಹುಪಾಲು ಜನ ಬಾಂಬನ್ನು ಕಣ್ಣಿನಿಂದ ನೋಡಿರುವುದೂ ಇಲ್ಲ. ಹಾಗಿದ್ದರೂ ಎಲ್ಲ ಮನುಷ್ಯರೂ ಇಲ್ಲವಾಗುತ್ತಾರೆಂದು ಆ ಲೆಕ್ಕಗಳು ಹೇಳುವುದಿಲ್ಲ.

ಇದರಲ್ಲಿ ನನ್ನನ್ನು ಕಾಡುವುದು ಯುದ್ಧದ ಇಚ್ಛೆಗಿಂತ ತಪ್ಪು ತಿಳಿವಳಿಕೆ. 1983ರ ಸೆಪ್ಟೆಂಬರ್ 26ರಂದು ಅಮೆರಿಕದಿಂದ ಐದು ಕ್ಷಿಪಣಿಗಳು ಹೊರಟಿವೆಯೆಂದು ಸೋವಿಯತ್ ಎಚ್ಚರಿಕೆ ವ್ಯವಸ್ಥೆ ತೋರಿಸಿತು. ಪಾಳಿಯಲ್ಲಿದ್ದ ಅಧಿಕಾರಿ ಸ್ತಾನಿಸ್ಲಾವ್ ಪೆಟ್ರೋವ್, ನಿಜವಾದ ದಾಳಿ ಬರೀ ಐದರಿಂದ ಆರಂಭವಾಗದೆಂದು ತರ್ಕಿಸಿ ಅದನ್ನು ಸುಳ್ಳು ಎಚ್ಚರಿಕೆಯೆಂದು ವರದಿ ಮಾಡಿದರು. ಉಪಗ್ರಹ ಕಂಡದ್ದು ಮೋಡಗಳ ಮೇಲಿನ ಬಿಸಿಲಿನ ಪ್ರತಿಫಲನವನ್ನು. ಇಂಥದಕ್ಕೆ ದಿನಾಂಕ ಹೇಳುವ ಪಂಚಾಂಗವೂ ಇಲ್ಲ, ದೂರದರ್ಶಕವೂ ಇಲ್ಲ.

ಬಾಡದ ಅಕ್ಕೋರು

ದಿನಾಂಕ ಹೇಳಲು ಪಂಚಾಂಗವಿಲ್ಲ ಎಂದಿರಿ. ದಿನಾಂಕವಲ್ಲದಿದ್ದರೂ ಅವಧಿಯನ್ನು ಊಹಿಸುವ ಒಂದು ಲೆಕ್ಕವಿದೆ. ಗಣಿತ ಕಲಿಸಿದವಳಾದ್ದರಿಂದ ಬರೆಯದೆ ಇರಲಾರೆ. ರಿಚರ್ಡ್ ಗಾಟ್ ಎಂಬ ಖಗೋಳಭೌತವಿಜ್ಞಾನಿ 1969ರಲ್ಲಿ ಬರ್ಲಿನ್ ಗೋಡೆಯನ್ನು ನೋಡಿದಾಗ ಅದಕ್ಕೆ ಎಂಟು ವರ್ಷವಾಗಿತ್ತು. ತಾನು ಅದರ ಆಯುಷ್ಯದ ಯಾವುದೋ ಒಂದು ಸಾಮಾನ್ಯ ಗಳಿಗೆಯಲ್ಲಿ ಬಂದಿರುವೆನೆಂದು ಭಾವಿಸಿದರೆ, ಶೇ. 50 ಸಂಭವದಲ್ಲಿ ಅದರ ಮುಂದಿನ ಆಯುಷ್ಯವು ಕಳೆದ ಆಯುಷ್ಯದ ಮೂರನೆಯ ಒಂದು ಭಾಗಕ್ಕೂ ಮೂರು ಪಟ್ಟಿಗೂ ನಡುವೆ, ಅಂದರೆ ಸುಮಾರು 2.7ಕ್ಕೂ 24ಕ್ಕೂ ನಡುವಿನ ವರ್ಷಗಳು ಎಂದು ಅವರು ಲೆಕ್ಕ ಹಾಕಿದರು. ಗೋಡೆ ಬಿದ್ದದ್ದು 20 ವರ್ಷಗಳ ಬಳಿಕ. 1993ರಲ್ಲಿ ಅದೇ ವಿಧಾನವನ್ನು ಅವರು ಮನುಷ್ಯಕುಲಕ್ಕೆ ಅನ್ವಯಿಸಿದರು. ಶೇ. 95 ಸಂಭವಕ್ಕಾದರೆ ಕೆಳಗಿನ ಮಿತಿಗೆ ಕಳೆದ ಆಯುಷ್ಯವನ್ನು 39ರಿಂದ ಭಾಗಿಸಬೇಕು, ಮೇಲಿನ ಮಿತಿಗೆ 39ರಿಂದ ಗುಣಿಸಬೇಕು. ನಮ್ಮ ಜಾತಿಗೆ 2 ಲಕ್ಷ ವರ್ಷವಾಯಿತೆಂದುಕೊಂಡರೆ ಮುಂದಿರುವುದು ಸುಮಾರು 5,100 ವರ್ಷಗಳಿಗಿಂತ ಹೆಚ್ಚು, 78 ಲಕ್ಷ ವರ್ಷಗಳಿಗಿಂತ ಕಡಿಮೆ.

ಸೂರ್ಯನಿಗಾಗಿ ಕಾಯಬೇಕಾದ ಅವಧಿಗೆ ಹೋಲಿಸಿದರೆ 78 ಲಕ್ಷ ಏನೇನೂ ಅಲ್ಲ ಎಂಬುದನ್ನು ಮಗಳಿಗೆ ಹೇಳಿರಿ. ಸದಾಶಿವಗಡದವರ ಮಾತಿಗೂ ಇದನ್ನು ಹಚ್ಚಿ ನೋಡಿದೆ. ಮೊದಲ ಅಣುಬಾಂಬು ಸಿಡಿದದ್ದು 1945ರಲ್ಲಿ, 80 ವರ್ಷವೆಂದುಕೊಳ್ಳೋಣ, ಶೇ. 50 ಸಂಭವದಲ್ಲಿ ಅಣ್ವಸ್ತ್ರಗಳ ಯುಗಕ್ಕೆ ಇನ್ನು 27ರಿಂದ 240 ವರ್ಷ. ಆದರೆ ಆ ಯುಗ ಎರಡು ರೀತಿಯಲ್ಲಿ ಮುಗಿಯಬಹುದು: ಅವುಗಳನ್ನು ಬಳಸಿ, ಇಲ್ಲವೇ ಕಳಚಿಹಾಕಿ. 1986ರ ಸುಮಾರಿಗೆ 70,000ದ ಹತ್ತಿರವಿದ್ದ ಅವುಗಳ ಸಂಖ್ಯೆ ಈಗಿನ ಮಟ್ಟಕ್ಕೆ ಇಳಿದದ್ದು ಕಳಚಿದ್ದರಿಂದಲೇ. ಯಾವ ರೀತಿ ಎಂಬುದನ್ನು ಈ ಸೂತ್ರ ಹೇಳಲಾರದು.

ಕೋಟಿತೀರ್ಥದ ಭಟ್ಟರಿಗೆ ಒಂದು ಕಿಡಿಗೇಡಿ ಪ್ರಶ್ನೆ. ಕಲಿಗೆ 5,126 ವರ್ಷವಾದರೆ ಈ ಸೂತ್ರದಂತೆ ಉಳಿದಿರುವುದು ಹೆಚ್ಚೆಂದರೆ 2 ಲಕ್ಷ ವರ್ಷ. ನಿಮ್ಮ ಲೆಕ್ಕದಲ್ಲಿ ಅದರ ಎರಡು ಪಟ್ಟಿಗಿಂತ ಹೆಚ್ಚು ಉಳಿಯುತ್ತದೆಯಲ್ಲ?

ಕೋಟಿತೀರ್ಥ

ಅಕ್ಕೋರೇ, ನಿಮ್ಮ ಸೂತ್ರ ನಾವು ಸಾಮಾನ್ಯ ಗಳಿಗೆಯಲ್ಲಿದ್ದೇವೆಂದು ಭಾವಿಸಿ ಹೊರಡುತ್ತದೆ. ನಮ್ಮ ಸಂಕಲ್ಪ ಪ್ರಥಮ ಪಾದವೆಂದು ಮೊದಲೇ ಹೇಳಿಬಿಡುತ್ತದೆ. ಯಾವುದೇ ದೀರ್ಘ ಕಾಲದ ಆರಂಭದಲ್ಲಿಯೂ ಯಾರಾದರೂ ಇರಲೇಬೇಕು, ಮತ್ತು ಆಗ ಇದೇ ಲೆಕ್ಕ ಹಾಕಿದವರೆಲ್ಲ ಅಂತ್ಯವನ್ನು ಹತ್ತಿರಕ್ಕೆ ತಂದುಕೊಳ್ಳುತ್ತಾರೆ. ಕಲಿಯ 3,600 ವರ್ಷಗಳು ಕಳೆದಾಗ ತನಗೆ 23 ವರ್ಷವೆಂದು ಆರ್ಯಭಟ ಬರೆದಿದ್ದಾನೆ. ಅವನು ನಿಮ್ಮ 39ನ್ನು ಹಿಡಿದಿದ್ದರೆ 92 ವರ್ಷಕ್ಕೂ 1,40,400 ವರ್ಷಕ್ಕೂ ನಡುವೆ ಎಂದು ಬರುತ್ತಿತ್ತು. ಈಗಾಗಲೇ 1,500ಕ್ಕೂ ಹೆಚ್ಚು ವರ್ಷಗಳು ಸಂದಿವೆ, ಮೇಲಿನ ಮಿತಿ ಪರೀಕ್ಷೆಗೆ ಬರಲು ಇನ್ನೂ 1,38,000ಕ್ಕೂ ಹೆಚ್ಚು ವರ್ಷ ಬೇಕು. ಅಷ್ಟರವರೆಗೆ ನಿಮ್ಮ ಸೂತ್ರವನ್ನಾಗಲಿ ನನ್ನ ಪಂಚಾಂಗವನ್ನಾಗಲಿ ಸುಳ್ಳೆಂದು ಸಾಧಿಸುವ ಉಪಾಯ ಈ ಚರ್ಚೆಯಲ್ಲಿರುವ ಯಾರಿಗೂ ಇಲ್ಲ.